ಪೆಂಟ್ಯಾಕ್ಸ್ ಕೆ1000: ಕಲಬುರಗಿ ಬಿಸಿಲಿಗೆ ಒಗ್ಗುವ ಹಳೆ ರೀಲ್ ಕ್ಯಾಮೆರಾ

ಕಲಬುರಗಿ, ಬೀದರ, ಯಾದಗಿರಿಯ ಹಳೆ ಫೋಟೊ ಸ್ಟುಡಿಯೋಗಳ ಅಲಮಾರಿಯಲ್ಲಿ ಒಂದೆರಡು ರೀಲ್ ಕ್ಯಾಮೆರಾ ಇನ್ನೂ ಬಿದ್ದಿರುತ್ತವೆ. ಕೇಳಿದರೆ ಮಾಲೀಕರು ಧೂಳು ಒರೆಸಿ ಕೌಂಟರಿನ ಮೇಲಿಡುತ್ತಾರೆ, ಲಿವರ್ ಎಳೆದು ಒಮ್ಮೆ ಟಕ್ ಅನ್ನಿಸಿ, "ನೋಡ್ರಿ, ಮಶಿನ್ ಏಕದಂ ಛಲೋ ಅದ" ಅನ್ನುತ್ತಾರೆ. ಆ ಒಂದು ಟಕ್‌ನಿಂದ ಏನೂ ಗೊತ್ತಾಗುವುದಿಲ್ಲ. ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) 1/125 ಸೆಕೆಂಡಿನಲ್ಲಿ ಟಕ್ ಅನ್ನುವ ಕ್ಯಾಮೆರಾ 1/15ರಲ್ಲಿ ಅರ್ಧಕ್ಕೇ ನಿಂತುಬಿಡಬಹುದು, 1/1000ದಲ್ಲಿ ಚಿತ್ರದ ಒಂದು ಮಗ್ಗಲನ್ನೇ ಕಪ್ಪಾಗಿಸಬಹುದು.

ನಮ್ಮ ಕಡೆ ಇಂಥ ಕ್ಯಾಮೆರಾ ಕೊಳ್ಳುವಾಗ ಎರಡು ಸಂಗತಿ ತಲೆಯಲ್ಲಿರಬೇಕು. ಕೆಟ್ಟರೆ ಕೈ ಹಾಕಬಲ್ಲ ಕಾರಿಗರನಿಗಾಗಿ ಸಾಮಾನ್ಯವಾಗಿ ಹೈದರಾಬಾದ್ ಇಲ್ಲವೇ ಮುಂಬೈ ರೈಲು ಹಿಡಿಯಬೇಕಾಗುತ್ತದೆ. ಎರಡನೆಯದು ಬಿಸಿಲು. ಹಾಗಾಗಿ ಕೆಡಲು ಭಾಗಗಳೇ ಕಡಿಮೆ ಇರುವ, ಕೆಟ್ಟದ್ದು ಅಂಗಡಿಯಲ್ಲೇ ಕಣ್ಣು ಕಿವಿಗೆ ಸಿಗುವಂಥ ಮಾಲು ಬೇಕು. ಆ ಲೆಕ್ಕದಲ್ಲಿ ಪೆಂಟ್ಯಾಕ್ಸ್ ಕೆ1000ಕ್ಕೆ ಮೊದಲ ಸ್ಥಾನ.

ಈ ಮಾದರಿ ಬಂದದ್ದು 1976ರಲ್ಲಿ. 1997ರವರೆಗೆ ಹೆಚ್ಚೇನೂ ಬದಲಾಗದೆ ತಯಾರಾಯಿತು. ಶಟರ್ ಪೂರ್ತಿ ಯಾಂತ್ರಿಕ, ಬಟ್ಟೆಯ ಎರಡು ಪರದೆಯದು: ಒಂದು ತೆರೆಯುತ್ತದೆ, ಹಿಂದೆಯೇ ಇನ್ನೊಂದು ಮುಚ್ಚುತ್ತದೆ. 1 ಸೆಕೆಂಡಿನಿಂದ 1/1000ದವರೆಗೆ, ಜೊತೆಗೆ ಬಿ, ಅಂದರೆ ಗುಂಡಿ ಒತ್ತಿದಷ್ಟು ಹೊತ್ತು ತೆರೆದಿರುವುದು. ಫ್ಲ್ಯಾಶ್ ಸಿಂಕ್, ಅಂದರೆ ಫ್ಲ್ಯಾಶಿಗೆ ಹೊಂದುವ ಅತಿ ಹೆಚ್ಚಿನ ವೇಗ, 1/60. ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿನ ಮುಳ್ಳಿಗೆ ಮಾತ್ರ. ಒಂದೇ ಒಂದು ಎಲ್‌ಆರ್44, ಗಡಿಯಾರ ರಿಪೇರಿಯವರ ಹತ್ತಿರ ಸಿಗುವ ಗುಂಡಿ ಸೆಲ್. ಅದು ಸತ್ತರೂ ಕ್ಯಾಮೆರಾ ಓಡುತ್ತದೆ. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗ್‌ನಲ್ಲಿ, ಕೊನೆಗೆ ಚೀನಾದಲ್ಲಿ ತಯಾರಾಯಿತು. ಪೆಂಟಾಪ್ರಿಸಂ (ಕ್ಯಾಮೆರಾದ ನೆತ್ತಿಯ ಉಬ್ಬು) ಮೇಲೆ ತಯಾರಕರಾದ ಅಸಾಹಿ ಕಂಪನಿಯ ಮುದ್ರೆ ಇರುವ ಹಳೆಯವುಗಳಲ್ಲಿ ಲೋಹ ಹೆಚ್ಚು, ಕೊನೆಯವುಗಳಲ್ಲಿ ಪ್ಲಾಸ್ಟಿಕ್ ಸೇರಿಕೊಂಡಿದೆ. ಹಾಗಂತ ಮುದ್ರೆ ನೋಡಿ ಮರುಳಾಗಬೇಡಿ. ಸರ್ವಿಸ್ ಆದ ಚೀನಾ ಬಾಡಿ, ಇಪ್ಪತ್ತು ವರ್ಷ ಕಪಾಟಿನಲ್ಲಿ ಮಲಗಿದ ಅಸಾಹಿಗಿಂತ ಸಾವಿರ ಪಾಲು ಮೇಲು.

ಅದೇ ಕಾರಣಕ್ಕೆ ಮದುವೆ ಮನೆ ತಿರುಗಿ ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣುವ ಸ್ಟುಡಿಯೋ ಕ್ಯಾಮೆರಾವನ್ನು ತಿರಸ್ಕರಿಸಬಾರದು. ಓಡಾಡಿದ ಯಂತ್ರದಲ್ಲಿ ಗ್ರೀಸ್ ಗಟ್ಟಿಯಾಗಿರುವುದಿಲ್ಲ. ಯಾರದೋ ಮನೆಯಲ್ಲಿ ಚರ್ಮದ ಕವರಿನೊಳಗೆ ಫಳಫಳ ಹೊಳೆಯುತ್ತಾ ಕುಳಿತದ್ದರಲ್ಲಿ ಫೋಮ್ ಕರಗಿರುತ್ತದೆ, ನಿಧಾನ ವೇಗಗಳು ಅಂಟಿಕೊಂಡಿರುತ್ತವೆ, ಲೆನ್ಸಿನಲ್ಲಿ ಬೂಷ್ಟು ಇರುತ್ತದೆ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹೊಸ ಎಲ್‌ಆರ್44, ಸೆಲ್ ಮುಚ್ಚಳ ತಿರುಗಿಸಲು ಒಂದು ನಾಣ್ಯ, ಬಾಲ್ ಪೆನ್ನು, ಸ್ಲೋ ಮೋಷನ್ ಇರುವ ಮೊಬೈಲ್ ಇರಲಿ. ಒಂದು ಹಾಳಾದ ರೀಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅವಧಿ ಮೀರಿದ ರೀಲ್ ಸ್ಟುಡಿಯೋದವರೇ ಕೊಡುತ್ತಾರೆ.

ಮೊದಲು ಹಿಂಬಾಗಿಲು ತೆರೆಯಿರಿ. ರಿವೈಂಡ್ ಗುಬುಟನ್ನು ಮೇಲಕ್ಕೆ ಎಳೆದರೆ ತೆರೆದುಕೊಳ್ಳುತ್ತದೆ. ಬಾಗಿಲು ಕೂರುವ ತೋಡಿನಲ್ಲಿ ಕಪ್ಪು ಫೋಮ್ ಇರಬೇಕು. ಬೆರಳಿಟ್ಟರೆ ಡಾಂಬರಿನಂತೆ ಅಂಟಿದರೆ ಬದಲಿಸಲೇಬೇಕು. ಇದೊಂದು ದೋಷಕ್ಕೆ ಹೆದರಬೇಕಿಲ್ಲ: ಹಳೆಯದನ್ನು ಬೆಂಕಿಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ತೋಡಿನುದ್ದಕ್ಕೂ ಕಪ್ಪು ಉಲನ್ ದಾರ ಕೂರಿಸಿದರೂ ಬೆಳಕು ನಿಲ್ಲುತ್ತದೆ. ಚೌಕಾಶಿಗೆ ಮಾತ್ರ ಈ ದೋಷವನ್ನು ಧಾರಾಳವಾಗಿ ಬಳಸಿಕೊಳ್ಳಿ. ಕನ್ನಡಿ ಮೇಲೆ ಹೋಗಿ ಬಡಿಯುವ ಜಾಗದಲ್ಲೂ ಒಂದು ಫೋಮ್ ಪಟ್ಟಿ ಇದೆ. ಅದು ಕರಗಿದ್ದರೆ ಕನ್ನಡಿ ಅಂಟಿಕೊಂಡು ತಡವಾಗಿ ಇಳಿಯುತ್ತದೆ. ಅದನ್ನು ಕೆರೆಯುವಾಗ ಚೂರು ಫೋಕಸ್ ಸ್ಕ್ರೀನಿನ ಮೇಲೆ ಬಿದ್ದರೆ ಊದಿ ತೆಗೆಯಿರಿ, ಒರೆಸಬೇಡಿ. ಕನ್ನಡಿಗೂ ಇದೇ ಮಾತು: ಅದರ ಲೇಪನ ಮುಂಭಾಗದಲ್ಲೇ ಇರುವುದರಿಂದ ಬಟ್ಟೆ ತಾಗಿದರೂ ಗೀರು ಬೀಳುತ್ತದೆ.

ಇನ್ನು ಶಟರ್. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ, ಆದ್ದರಿಂದ ಹತ್ತು ನಿಮಿಷ ಇದಕ್ಕೇ ಕೊಡಿ. ಬಾಗಿಲು ತೆರೆದಿರಲಿ, ಲೆನ್ಸ್ ತೆಗೆಯಿರಿ. 1 ಸೆಕೆಂಡಿನಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಏರುತ್ತಾ ಹೊಡೆಯಿರಿ. 1, 1/2, 1/4, 1/8ರಲ್ಲಿ ಒಳಗಿನಿಂದ ಝರ್ ಎಂಬ ಒಂದೇ ಸಮನಾದ ಸದ್ದು ಬರಬೇಕು. ಸದ್ದು ನಡುವೆ ಎಳೆದರೆ, ತಡವರಿಸಿದರೆ ಗವರ್ನರಿನಲ್ಲಿ (ನಿಧಾನ ವೇಗ ಕಾಯುವ ಗಿಯರುಗಳಲ್ಲಿ) ಗ್ರೀಸ್ ಒಣಗಿದೆ ಎಂದರ್ಥ. ನಾಲ್ಕಾರು ಸಲ ಹೊಡೆದ ಮೇಲೆ ಸುಧಾರಿಸಿದಂತೆ ಕಾಣುತ್ತದೆ. ಮಾರುವವರು "ಜರಾ ಕೂತಿತ್ತರೀ, ಈಗ ಖುಲ್ಲಾ ಆತು" ಅನ್ನುತ್ತಾರೆ. ಒಂದು ವಾರ ಬಿಟ್ಟು ನೋಡಿದರೆ ಮತ್ತೆ ಅದೇ ಕಥೆ. ಸರ್ವಿಸ್ ಖರ್ಚು ಕಳೆದೇ ಬೆಲೆ ಹೇಳಿ.

ಮೊಬೈಲನ್ನು ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ಗೆ ಇಟ್ಟು, ಕ್ಯಾಮೆರಾವನ್ನು ಬೆಳಕಿನ ಕಿಟಕಿಗೆ ಹಿಡಿದು, ಹಿಂದಿನಿಂದ ಶೂಟ್ ಮಾಡಿ. 1/30ರಲ್ಲಿ ಸುಮಾರು 8 ಫ್ರೇಮ್, 1/60ರಲ್ಲಿ ಸುಮಾರು 4 ಫ್ರೇಮ್ ತೆರೆದಿರಬೇಕು. 1/30ಕ್ಕೆ 12 ಫ್ರೇಮ್ ಬಂದರೆ ಅರ್ಧ ಸ್ಟಾಪಿಗಿಂತ ಹೆಚ್ಚು ನಿಧಾನ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ). ಇದಕ್ಕಿಂತ ವೇಗದವನ್ನು ಮೊಬೈಲ್ ಅಳೆಯಲಾರದು, ಅಲ್ಲಿ ಕಣ್ಣೇ ಮೀಟರು. 1/500, 1/1000ದಲ್ಲಿ ಬಿಳಿ ಆಕಾಶದ ಕಡೆ ಹಿಡಿದು ಹೊಡೆದರೆ ಚೌಕ ಪೂರ್ತಿ ಒಂದೇ ಬೆಳಕಾಗಿ ಮಿಂಚಬೇಕು. ಒಂದು ಅಂಚು ಮಸುಕಾಗಿ ಕಂಡರೆ ಎರಡನೇ ಪರದೆ ಮೊದಲನೆಯದನ್ನು ದಾರಿಯಲ್ಲೇ ಹಿಡಿಯುತ್ತಿದೆ. ನಮ್ಮ ಬಿಸಿಲಿನಲ್ಲಿ ಅತಿ ಹೆಚ್ಚು ಬೇಕಾಗುವ ವೇಗಗಳೇ ಇವು, ಇವು ಕೆಟ್ಟಿದ್ದರೆ ವ್ಯಾಪಾರ ಬೇಡ.

ಹೊಲಿಗೆ ಮಶಿನ್ ಎಣ್ಣೆ ಬಿಟ್ಟು "ಸರ್ವಿಸ್" ಮಾಡಿದ ಕ್ಯಾಮೆರಾಗಳೂ ಇವೆ. ಪರದೆಯ ಬಟ್ಟೆಯ ಮೇಲೆ ಎಣ್ಣೆಯ ಕಲೆ, ತಳದ ಸ್ಕ್ರೂಗಳ ತಲೆ ಕಿತ್ತಿರುವುದು ಕಂಡರೆ ಕೈಮುಗಿದು ಹೊರಬನ್ನಿ.

ಲೆನ್ಸಿಗೆ ಬರೋಣ. ಸಾಮಾನ್ಯವಾಗಿ ಇದರ ಮೇಲಿರುವುದು ಎಸ್‌ಎಂಸಿ ಪೆಂಟ್ಯಾಕ್ಸ್-ಎಂ 50 ಮಿಮೀ ಎಫ್/2 (ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕಿನ ಕಿಂಡಿಯಾದ ಅಪರ್ಚರ್ ಕಿರಿದು); ಫಿಲ್ಟರ್ ಅಳತೆ 49 ಮಿಮೀ, 45 ಸೆಂಮೀ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಅಗ್ಗದ ಲೆನ್ಸ್ ಎಂದು ಕೆಲವರು ಮೂಗು ಮುರಿಯುತ್ತಾರೆ, ಎಫ್/8ರಲ್ಲಿ ಚಿತ್ರ ನೋಡಿದ ಮೇಲೆ ಆ ಮಾತು ನಿಲ್ಲುತ್ತದೆ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು, ಹಾಲು ಚೆಲ್ಲಿದಂತೆ ಮಬ್ಬಿದ್ದರೆ ಒಳಗಾಜಿನ ಮೇಲೆ ಎಣ್ಣೆಯ ಆವಿ ಕೂತಿದೆ. ನಾಲ್ಕು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಧೂಳಿಲ್ಲದ ಲೆನ್ಸ್ ನಮ್ಮ ಕಡೆ ಎಲ್ಲಿಂದ ಬರಬೇಕು! ಒಣ ಹವೆಯಿಂದಾಗಿ ಇಲ್ಲೇ ಇದ್ದ ಲೆನ್ಸುಗಳಲ್ಲಿ ಬೂಷ್ಟು ಕಡಿಮೆ. ಮುಂಬೈ, ಮಂಗಳೂರು ಕಡೆಯಿಂದ ತಂದದ್ದಾದರೆ ಟಾರ್ಚ್ ಎರಡು ಸಲ ಬಿಡಿ. ಇಲ್ಲಿನ ಲೆನ್ಸುಗಳ ರೋಗ ಬೇರೆ. ಸೆಕೆಗೆ ಗ್ರೀಸಿನ ಎಣ್ಣೆ ಬೇರ್ಪಟ್ಟು ಅಪರ್ಚರ್ ಎಲೆಗಳಿಗೆ ಇಳಿಯುತ್ತದೆ. ರಿಂಗನ್ನು ಎಫ್/16ಕ್ಕಿಟ್ಟು ಲೆನ್ಸಿನ ಹಿಂದಿನ ಪುಟ್ಟ ಲಿವರನ್ನು ಸರಿಸಿ ಬಿಡಿ. ಎಲೆಗಳು ಚಟ್ಟನೆ ಮುಚ್ಚಬೇಕು. ಸೋಮಾರಿಯಾಗಿ ಮುಚ್ಚಿಕೊಂಡರೆ ಹೊರಗೆ ಎಫ್/16 ಎಂದಿದ್ದರೂ ಫಿಲ್ಮಿಗೆ ಎಫ್/5.6ರಷ್ಟು ಬೆಳಕು ನುಗ್ಗಿರುತ್ತದೆ. ಲೆನ್ಸನ್ನು ಬಾಡಿಗೆ ಹಾಕಿದ ಮೇಲೂ 1 ಸೆಕೆಂಡಿಗಿಟ್ಟು ಹಿಂಬಾಗಿಲಿನಿಂದ ಇನ್ನೊಮ್ಮೆ ನೋಡಿ, ಏಕೆಂದರೆ ಎಲೆ ಮುಚ್ಚಿ ತೋರಿಸುವ ಪ್ರಿವ್ಯೂ ಲಿವರ್ ಈ ಕ್ಯಾಮೆರಾದಲ್ಲಿಲ್ಲ.

ಮೀಟರ್ ಪರೀಕ್ಷೆ ಸುಲಭ. ತಳದ ಮುಚ್ಚಳ ನಾಣ್ಯದಿಂದ ತೆರೆದಾಗ ಹಸಿರು ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ವಿನೆಗರ್ ಅದ್ದಿದ ಹತ್ತಿಕಡ್ಡಿಗೆ ಹೆಚ್ಚಿನ ಪಾಲು ಹೋಗುತ್ತದೆ, ಒಳಗಿನ ತಂತಿ ತಿಂದಿದ್ದರೆ ಹೋಗದು. ಹೊಸ ಸೆಲ್ ಹಾಕಿ ವ್ಯೂಫೈಂಡರಿನ ಬಲಬದಿಯ ಮುಳ್ಳು ನೋಡಿ. ಲೆನ್ಸ್ ಮುಚ್ಚಿದರೆ ಕೆಳಗೆ, ತೆರೆದರೆ ಮೇಲೆ, ಶಟರ್ ಡಯಲ್ ತಿರುಗಿಸಿದಂತೆ ಸರಾಗವಾಗಿ ಸರಿಯಬೇಕು. ಕುಣಿದಾಡಿದರೆ ಒಳಗಿನ ರೆಸಿಸ್ಟರ್ ಪಟ್ಟಿಯಲ್ಲಿ ಕೊಳೆ ಇದೆ. ಮೂರು ಬೇರೆ ಬೇರೆ ಬೆಳಕಿನಲ್ಲಿ ಮೊಬೈಲಿನ ಲೈಟ್ ಮೀಟರ್ ಆ್ಯಪಿಗೆ ಹೋಲಿಸಿ. ಮೂರರಲ್ಲೂ ಒಂದೇ ವ್ಯತ್ಯಾಸ ಬಂದರೆ ಐಎಸ್‌ಒ (ಬೆಳಕಿಗೆ ಫಿಲ್ಮ್ ಸ್ಪಂದಿಸುವ ಚುರುಕು) ಡಯಲಿನಲ್ಲೇ ಸರಿದೂಗಿಸಬಹುದು. ಡಯಲಿನ ಹೊರ ಬಳೆಯನ್ನು ಎತ್ತಿ ತಿರುಗಿಸಬೇಕು, ಇದು ಗೊತ್ತಿಲ್ಲದೆ ಒತ್ತಾಯ ಮಾಡಿ ಕೆಡಿಸಿದವರಿದ್ದಾರೆ. ಮೀಟರ್ ಪೂರ್ತಿ ಸತ್ತಿದ್ದರೆ ಬೆಲೆ ಇಳಿಸಿ, ಕ್ಯಾಮೆರಾ ಬಿಡಬೇಡಿ.

ಹಾಳು ರೀಲನ್ನು ಬಾಗಿಲು ತೆರೆದೇ ಹಾಕಿ, ಪ್ರತಿ ಎಳೆತಕ್ಕೂ ಚೌಕದ ಎರಡು ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಒಂದು ಎಳೆತಕ್ಕೆ 8 ತೂತು, ಅಂದರೆ 38 ಮಿಮೀ ಸರಿಯಬೇಕು. ಚಿತ್ರ 36 ಮಿಮೀ, ನಡುವಿನ ಸಂದು 2 ಮಿಮೀ. ಸಂದು ಒಮ್ಮೆ ದಪ್ಪ ಒಮ್ಮೆ ತೆಳು ಆದರೆ ಗಿಯರಿನಲ್ಲಿ ಸವೆತವಿದೆ.

ಉಳಿದ ಕ್ಯಾಮೆರಾಗಳ ಬಗ್ಗೆ ಚುಟುಕಾಗಿ. ಸೋವಿಯೆತ್ ಕಾಲದ ಜೆನಿಟ್‌ನ ಹೆಲಿಯೋಸ್ 58 ಮಿಮೀ ಲೆನ್ಸ್ ಚೆನ್ನ, ಬಾಡಿ ಭಾರ, ವೇಗ 1/30ರಿಂದ 1/500 ಅಷ್ಟೇ. ಯಾಶಿಕಾ ಎಫ್‌ಎಕ್ಸ್-3ರ ಹೊರ ಹೊದಿಕೆ ಉದುರುತ್ತದೆ, ಅದು ಬಿಟ್ಟರೆ ಪ್ರಾಮಾಣಿಕ ಯಂತ್ರ. ನಿಕಾನ್ ಎಫ್‌ಎಂ10 ಹಗುರ, 1/2000 ಇದೆ, ಹೊರಮೈ ಪ್ಲಾಸ್ಟಿಕ್. ಕ್ಯಾನನ್ ಎಇ-1 ನೋಡಲು ಚೆಂದ, ಆದರೆ 6 ವೋಲ್ಟಿನ ಸೆಲ್ ಇಲ್ಲದಿದ್ದರೆ ಒಂದು ಕ್ಲಿಕ್ಕೂ ಇಲ್ಲ, ಹಳೆಯವು ಹೊಡೆದಾಗ ಕೆಮ್ಮುತ್ತವೆ. ಮಿನೋಲ್ಟಾ ಎಕ್ಸ್-700ರ ಕೆಪಾಸಿಟರ್ ಹೋದರೆ ಕ್ಯಾಮೆರಾ ಸುಮ್ಮನಾಗುತ್ತದೆ. ನಿಕಾನ್ ಎಫ್‌ಎಂ2 ಇವೆಲ್ಲಕ್ಕಿಂತ ಮೇಲು, ಬೆಲೆಯೂ ಹಾಗೇ.

ಕೆ1000ದ ಕೊರತೆಗಳನ್ನೂ ಹೇಳಬೇಕು. ಮೀಟರಿಗೆ ಸ್ವಿಚ್ಚೇ ಇಲ್ಲ. ಬೆಳಕು ಬೀಳುವಷ್ಟು ಹೊತ್ತು ಸೆಲ್ ತಿನ್ನುತ್ತದೆ. ಲೆನ್ಸಿನ ಮುಚ್ಚಳವೇ ಸ್ವಿಚ್ ಎಂದುಕೊಳ್ಳಿ, ಕಳೆದರೆ ಅಂದೇ ಹೊಸದು ತನ್ನಿ. ಶಟರ್ ಲಾಕ್ ಇಲ್ಲ, ಲಿವರ್ ಎಳೆದು ಚೀಲಕ್ಕೆ ಹಾಕಿದರೆ ಚೀಲದ ಕತ್ತಲೆಯ ಫೋಟೊ ಒಂದು ಖಾತ್ರಿ. ಸೆಲ್ಫ್ ಟೈಮರ್ ಇಲ್ಲ. ಫೋಕಸಿಗೆ ನಡುವೆ ಹರಳುಹರಳಾದ ಮೈಕ್ರೊಪ್ರಿಸಂ ಮಾತ್ರ. ಚಿತ್ರದ ಎರಡು ತುಂಡು ಕೂಡಿಸಿ ಫೋಕಸ್ ಮಾಡುವ ಬಗೆ ಬೇಕಾದರೆ ಕೆ1000 ಎಸ್‌ಇ ಮಾದರಿ ಹುಡುಕಬೇಕು. ಕನ್ನಡಕದವರಿಗೆ ಸಂಜೆ ಬೆಳಕಿನಲ್ಲಿ ಇದು ಕಷ್ಟ.

ರೀಲ್ ಹಾಕುವಾಗ ಆಗುವ ತಪ್ಪು ಒಂದೇ, ಆದರೆ ಅದು ಮೂವತ್ತಾರೂ ಚಿತ್ರ ನುಂಗುತ್ತದೆ. ತುದಿಯನ್ನು ಬಲಬದಿಯ ಸ್ಪೂಲಿನ ಸೀಳಿಗೆ ತುರುಕಿ, ಎರಡೂ ಸಾಲಿನ ತೂತು ಹಲ್ಲಿಗೆ ಕೂತದ್ದು ನೋಡಿ, ಒಂದು ಸುತ್ತು ಎಳೆದ ಮೇಲೆಯೇ ಬಾಗಿಲು ಮುಚ್ಚಿ. ರಿವೈಂಡ್ ಹಿಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಸಡಿಲು ತೆಗೆಯಿರಿ. ಮುಂದೆ ಪ್ರತಿ ಎಳೆತಕ್ಕೂ ಆ ಗುಬುಟು ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ, ಎಣಿಕೆ ಮಾತ್ರ ಓಡುತ್ತಿದೆ.

ಮೀಟರ್ ಚೌಕಟ್ಟಿನ ಸರಾಸರಿ ಬೆಳಕು ಅಳೆಯುತ್ತದೆ, ಎಲ್ಲವನ್ನೂ ನಡುಬೂದು ಎಂದೇ ತಿಳಿಯುತ್ತದೆ. ಬಂದೇನವಾಜ್ ದರ್ಗಾದ ಬಿಳಿ ಗುಂಬಜ್ ಚೌಕಟ್ಟು ತುಂಬಿದರೆ ಮುಳ್ಳು ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ, ಇಲ್ಲವಾದರೆ ಸುಣ್ಣ ಬೂದಿಯಾಗುತ್ತದೆ. ಮಳೆ ಬಿದ್ದ ಎರೆಹೊಲಕ್ಕೆ ಉಲ್ಟಾ, ಒಂದು ಸ್ಟಾಪ್ ಕಡಿಮೆ. ನಿಜವಾದ ಪರೀಕ್ಷೆ ಕಲಬುರಗಿ ಕೋಟೆಯ ಜಾಮಾ ಮಸೀದಿಯಲ್ಲಿದೆ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಛಾವಣಿ. ಬೆಳಕು ಹೆಚ್ಚಾಗಿ ಬದಿಯ ಕಮಾನುಗಳಿಂದಲೇ ಬರುತ್ತದೆ. ಹೊರಗಿನ ಬಿಸಿಲು ಚೌಕಟ್ಟಿನಲ್ಲಿದ್ದರೆ ಮುಳ್ಳು ಅದನ್ನೇ ನಂಬಿ ಒಳಗನ್ನು ಕಪ್ಪು ಮಾಡುತ್ತದೆ. ಒಳಗಿನ ಕಂಬದ ಹತ್ತಿರ ಹೋಗಿ, ಕಂಬವೊಂದೇ ತುಂಬುವಂತೆ ಅಳೆದು, ಆ ಎಣಿಕೆ ಇಟ್ಟುಕೊಂಡೇ ಹಿಂದೆ ಬಂದು ಹೊಡೆಯಿರಿ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಅಳೆಯಬೇಡಿ. ಮೀಟರಿನ ಸಿಡಿಎಸ್ ಕಣ್ಣಿಗೂ (ಬೆಳಕು ಗ್ರಹಿಸುವ ಭಾಗಕ್ಕೂ) ನಮ್ಮ ಕಣ್ಣಿನಂತೆ ಕತ್ತಲೆಗೆ ಹೊಂದಲು ಹೊತ್ತು ಬೇಕು. ಸ್ಮಾರಕಗಳಲ್ಲಿ ಸ್ಟ್ಯಾಂಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕಾದ್ದರಿಂದ 1/30ಕ್ಕೆ ಕಂಬಕ್ಕೊರಗುವುದೇ ದಾರಿ.

ಬಯಲಿನಲ್ಲಿ ಮೀಟರೇ ಬೇಡ. ಮೋಡವಿಲ್ಲದ ಹಗಲಿಗೆ ಐಎಸ್‌ಒ 200 ರೀಲ್, 1/250, ಎಫ್/16. ಅಥವಾ 1/500, ಎಫ್/11. ಗಾಢ ನೆರಳಿಗೆ ಎಫ್/5.6 ಇಲ್ಲವೇ ಎಫ್/4. ಐಎಸ್‌ಒ 400 ರೀಲನ್ನು ಮಧ್ಯಾಹ್ನಕ್ಕೆ ಒಯ್ದರೆ 1/1000ದಲ್ಲೂ ಎಫ್/11 ದಾಟಿ ತೆರೆಯಲಾಗದು, ಹಿನ್ನೆಲೆ ಮಬ್ಬಾಗಿಸುವ ಆಸೆ ಬಿಡಬೇಕು. ಬೀದರಿನ ಮಹಮೂದ್ ಗವಾನ್ ಮದರಸಾದ ನೀಲಿ ಹೆಂಚಿನ ಚೂರುಗಳಿಗೆ ಬೆಳಿಗ್ಗೆ ಎಂಟರೊಳಗಿನ ಓರೆ ಬೆಳಕೇ ಸರಿ.

ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಕ್ಯಾಮೆರಾ ಇಡುವುದೂ ತಂದೂರಿನಲ್ಲಿ ಇಡುವುದೂ ಒಂದೇ. ಫಿಲ್ಮಿನ ಬಣ್ಣ ಹಳಸುತ್ತದೆ, ಲೆನ್ಸಿನ ಎಣ್ಣೆ ಇಳಿಯುತ್ತದೆ. ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯೊಳಗೆ, ಜಿಪ್ ಚೀಲದಲ್ಲಿ ರೀಲ್ ಇಟ್ಟರೆ ನಮ್ಮ ಒಣ ಗಾಳಿಗೆ ಚೆನ್ನಾಗಿ ತಂಪಿರುತ್ತದೆ. ಫ್ರಿಜ್ಜಿನಿಂದ ತೆಗೆದದ್ದನ್ನು ಎರಡು ತಾಸು ಡಬ್ಬಿ ಬಿಚ್ಚದೆ ಬಿಡಿ.

ಮೊದಲ ರೀಲ್ ಪರೀಕ್ಷೆಗೇ ಮೀಸಲು. ಒಂದೇ ಗೋಡೆಯನ್ನು, ಒಂದೇ ಬೆಳಕಿನಲ್ಲಿ, 1/1000 ಎಫ್/4ರಿಂದ 1/60 ಎಫ್/16ರವರೆಗೆ ಸಮ ಜೋಡಿಗಳಲ್ಲಿ ಹೊಡೆದು ಬರೆದಿಟ್ಟುಕೊಳ್ಳಿ. ನೆಗೆಟಿವ್ ಎಲ್ಲ ಒಂದೇ ಗಾಢತೆ ಇರಬೇಕು. ಪ್ರತಿ ಫ್ರೇಮಿನಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಇದ್ದರೆ ಪರದೆಯಲ್ಲಿ ಸೂಜಿತೂತಿದೆ. ಅಂಚಿನ ತೂತುಗಳ ಕಡೆಯಿಂದ ಕಪ್ಪು ಹರಡಿದ್ದರೆ ಫೋಮ್. ಮಾರಿದವರೊಂದಿಗೆ ರೀಲ್ ತೊಳೆದು (ಡೆವಲಪ್ ಆಗಿ) ಬರುವವರೆಗಿನ ವಾಯಿದೆಯನ್ನು ಬಾಯಲ್ಲಾದರೂ ಮಾತಾಡಿಕೊಂಡಿರಿ. ರೀಲ್, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಸೇರಿ 1,500 ಆಯಿತೆಂದರೆ ಒಂದು ಫ್ರೇಮಿಗೆ ಸುಮಾರು 42 ರೂಪಾಯಿ. ಬಾಡಿಯ ಬೆಲೆಯಲ್ಲಿ ಐನೂರು ಉಳಿಸಲು ಪಟ್ಟ ಜಗ್ಗಾಟ ಹನ್ನೆರಡು ಕ್ಲಿಕ್ಕಿಗೆ ಮುಗಿಯುತ್ತದೆ. ಸಿನಿಮಾ ಫಿಲ್ಮಿನಿಂದ ಸುತ್ತಿದ ಅಗ್ಗದ ರೀಲಿನ ಬೆನ್ನಿಗೆ ಕಪ್ಪು ಕಾರ್ಬನ್ ಪದರ ಇರಬಹುದು. ಅದನ್ನು ಹೇಳದೆ ಲ್ಯಾಬಿಗೆ ಕೊಟ್ಟರೆ ಅವರ ಯಂತ್ರದ ರಸಾಯನವೇ ಹಾಳು.

ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಬಹುದು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ರೀಲಿಗೆ ಡಿ-76 ಡೆವಲಪರ್ (ಚಿತ್ರ ಮೂಡಿಸುವ ರಸಾಯನ), ಸಮಪಾಲು ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ಕಲಬುರಗಿಯ ಮೇ ತಿಂಗಳಲ್ಲಿ 20 ಡಿಗ್ರಿ ನೀರು ಐಸ್ ಇಲ್ಲದೆ ಸಿಗದು. ಮಣ್ಣಿನ ಗಡಿಗೆಯ ನೀರಿಗೆ ತುಸು ಐಸ್ ಸೇರಿಸಿ 24ಕ್ಕೆ ತಂದರೆ ಏಳೂವರೆಯಿಂದ ಎಂಟು ನಿಮಿಷ ಸಾಕು. ಫಿಕ್ಸರ್ (ಚಿತ್ರ ಸ್ಥಿರಗೊಳಿಸುವ ದ್ರಾವಣ), ತೊಳೆಯುವ ನೀರು ಎಲ್ಲವೂ ಅದರ ಆಸುಪಾಸಿನಲ್ಲೇ ಇರಲಿ. ನಡುವೆ ನಲ್ಲಿಯ ಸುಡುನೀರು ಬಿಟ್ಟರೆ ಮೆತ್ತಗಾದ ಲೇಪ ಗೀಚಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಒಣಗಿದ ಮೇಲೆ ಸುಣ್ಣದ ಚುಕ್ಕೆ ಬಿಡುವುದರಿಂದ ಕೊನೆಯ ಮುಳುಗು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಆಗಲಿ. ಒಣಗಲು ಫ್ಯಾನಿನ ಕೆಳಗೆ ಬೇಡ; ಬಚ್ಚಲಿಗೆ ನಾಲ್ಕು ಚೊಂಬು ನೀರು ಸುರಿದು ಧೂಳು ಕೂರಿಸಿ, ಅಲ್ಲೇ ತೂಗುಹಾಕಿ ಬಾಗಿಲು ಮುಚ್ಚಿ.

ಬಣ್ಣದ ರೀಲಿನದು ತಮಾಷೆ. ಬಣ್ಣದ ನೆಗೆಟಿವ್ ತೊಳೆಯುವ ಸಿ-41 ವಿಧಾನದ ಡೆವಲಪರಿಗೆ 37.8 ಡಿಗ್ರಿ ಬೇಕು, 3 ನಿಮಿಷ 15 ಸೆಕೆಂಡ್. ತಂಪು ಊರುಗಳಲ್ಲಿ ಇದಕ್ಕೆ ಹೀಟರ್ ಕೊಳ್ಳುತ್ತಾರೆ. ಇಲ್ಲಿ ಬೇಸಿಗೆ ಮಧ್ಯಾಹ್ನ ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ತಿರುವಿ, ಬಕೆಟ್ಟಿಗೆ ಥರ್ಮಾಮೀಟರ್ ಇಳಿಸಿ, 38ಕ್ಕಿಂತ ಮೇಲಿದ್ದರೆ ಗಡಿಗೆಯಿಂದ ಒಂದು ಲೋಟ ತಣ್ಣೀರು ಬೆರೆಸಿ. ಬಾಟಲಿಗಳನ್ನು ಆ ಬಕೆಟ್ಟಿನಲ್ಲೇ ಅರ್ಧ ತಾಸು ನಿಲ್ಲಿಸಿದರೆ ಡೆವಲಪರ್ ತಯಾರು.